ಟೊಮಾಹಾಕ್ ಮತ್ತು ಕೊಡಲಿ: ಒಂದು ಶಬ್ದಾರ್ಥವಿಚಾರ

೧

ಆಯುಧದ ಹೆಸರು ಆಯುಧಕ್ಕಿಂತ ಹೆಚ್ಚು ಕಾಲ ಬಾಳುವುದುಂಟು. ಬಿಲ್ಲುಬಾಣಗಳು ಯುದ್ಧಭೂಮಿಯನ್ನು ಬಿಟ್ಟು ಬಹುಕಾಲವಾದರೂ ವಾದಿಯ ‘ಬತ್ತಳಿಕೆ’ಯಲ್ಲಿ ಉಳಿದಿರುವ ಯುಕ್ತಿಗಳನ್ನು ಕುರಿತು ಕನ್ನಡಿಗರು ಇಂದಿಗೂ ಮಾತನಾಡುವರು, ಗುರಾಣಿಯನ್ನು ಕಣ್ಣಿನಿಂದ ಕಾಣದವರೂ ಒಬ್ಬನು ಮತ್ತೊಬ್ಬನಿಗೆ ‘ಗುರಾಣಿಯಾಗಿ’ ನಿಂತನೆಂದು ಹೇಳುವರು. ಹೀಗೆ ವಸ್ತುವಿನಿಂದ ಬಿಡಿಸಿಕೊಂಡು ಹೊರಟ ಶಬ್ದವು ಎಲ್ಲಿಗೆ ಬೇಕಾದರೂ ಹೋಗಬಲ್ಲುದು. ಆದರೆ ಹೋಗುವಾಗ ಅದು ತನ್ನೊಡನೆ ಏನನ್ನು ಕೊಂಡೊಯ್ಯುವುದು, ಏನನ್ನು ಹಿಂದೆ ಬಿಡುವುದು ಎಂಬುದೇ ಶಬ್ದಾರ್ಥವಿಚಾರದಲ್ಲಿ ಮುಖ್ಯವಾದ ಪ್ರಶ್ನೆ. ಆಧುನಿಕ ಇಂಗ್ಲಿಷಿನಲ್ಲಿ ಬಹ್ವರ್ಥವಾಗಿ ಬೆಳೆದಿರುವ ‘ಟೊಮಾಹಾಕ್’ ಎಂಬ ಶಬ್ದವು ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ತಕ್ಕ ಉದಾಹರಣೆಯಾಗಿದೆ. ಕೊಡಲಿ, ಕಟುವಿಮರ್ಶೆ, ವಿಮಾನ, ಕ್ಷಿಪಣಿ, ಆಟದ ಕೈಸನ್ನೆ, ಮಾಂಸದ ತುಂಡು ಇವೆಲ್ಲವೂ ಇಂದು ಆ ಒಂದೇ ಹೆಸರಿನಡಿಯಲ್ಲಿ ಬರುವುವು.

ಈ ವಿಚಾರವನ್ನು ಮಂಗಳೂರಿನ ಬೆಂಗ್ರೆಯಿಂದ ಆರಂಭಿಸುವುದು ಅನುಚಿತವಲ್ಲ. ಹಳೆಯ ಬಂದರದಿಂದ ದೋಣಿಯಲ್ಲಿ ಗುರುಪುರ ಹೊಳೆಯನ್ನು ದಾಟಿದರೆ ಸಿಕ್ಕುವ ನೆಲವೇ ಬೆಂಗ್ರೆ. ಪೂರ್ವಕ್ಕೆ ಹೊಳೆ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ದಕ್ಷಿಣಕ್ಕೆ ನೇತ್ರಾವತಿ ಗುರುಪುರಗಳೆರಡೂ ಕಡಲನ್ನು ಸೇರುವ ಅಳಿವೆ. ಇವುಗಳ ನಡುವೆ ನೀಳವಾಗಿ ಚಾಚಿಕೊಂಡಿರುವ ಮರಳಿನ ಪಟ್ಟಿಯದು. ತುಳು, ಬ್ಯಾರಿ, ಕನ್ನಡ ಈ ಮೂರು ನುಡಿಗಳೂ ಅಲ್ಲಿ ಕಿವಿಗೆ ಬೀಳುವುವು. ಪ್ರಸ್ತುತ ವಿಷಯಕ್ಕೂ ಆ ಸ್ಥಳಕ್ಕೂ ಮೂರು ಬಗೆಯ ಸಂಬಂಧವುಂಟು. ಮೊದಲನೆಯದಾಗಿ, ಬೆಂಗ್ರೆಯನ್ನೊಳಗೊಂಡ ಕರಾವಳಿಯೆಲ್ಲವೂ ಒಂದು ಕೊಡಲಿಯ ಬೀಸಿನಿಂದ ಹುಟ್ಟಿತೆಂಬುದು ಪರಂಪರೆಯ ನಂಬಿಕೆ. ಎರಡನೆಯದಾಗಿ, ಹೊಳೆಯ ಈಚೆಯ ದಡದ ಮಂಗಳೂರಿನಲ್ಲಿಯೇ ೧೮೮೬ರಲ್ಲಿ ಮ್ಯಾನರನ ತುಳು-ಇಂಗ್ಲಿಷ್ ನಿಘಂಟೂ ೧೮೯೪ರಲ್ಲಿ ಕಿಟ್ಟೆಲನ ಕನ್ನಡ-ಇಂಗ್ಲಿಷ್ ನಿಘಂಟೂ ಬಾಸೆಲ್ ಮಿಶನ್ನಿನವರಿಂದ ಪ್ರಕಟವಾದುವು. ಎಂದರೆ ಈ ನಾಡಿನ ಶಬ್ದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳುವ ಕಾರ್ಯವು ಇಲ್ಲಿ ಶ್ರದ್ಧೆಯಿಂದ ನಡೆದಿತ್ತು. ಮೂರನೆಯದಾಗಿ, ೧೯೯೧ರ ಜನವರಿಯಲ್ಲಿ ಕೊಲ್ಲಿಯ ಯುದ್ಧ ಮೊದಲಾದಾಗ, ಮನೆಯವರನ್ನು ದುಡಿಮೆಗಾಗಿ ಕೊಲ್ಲಿಯ ನಾಡುಗಳಿಗೆ ಕಳುಹಿಸಿದ್ದ ಕರಾವಳಿಯ ಕುಟುಂಬಗಳು ಸುದ್ದಿಗಾಗಿ ಕಿವಿಗೊಟ್ಟು ಕುಳಿತಿದ್ದ ದಿನಗಳಲ್ಲಿ, ‘ಟೊಮಾಹಾಕ್’ ಎಂಬ ಹೆಸರು ವಾರ್ತೆಗಳೊಡನೆ ಬಂದಿತು. ಬಂದುದು ಕ್ಷಿಪಣಿಯ ಹೆಸರಾಗಿ. ಕೊಡಲಿಯಿಂದ ಹುಟ್ಟಿತೆಂಬ ನೆಲದ ಜನರಿಗೆ ಆ ಹೆಸರಿನೊಳಗೆ ಒಂದು ಕೊಡಲಿಯಿದೆಯೆಂದು ಆ ವಾರ್ತೆಗಳು ತಿಳಿಸುವ ಸಂಭವವಿರಲಿಲ್ಲ.

೨

ಕ್ರಿ. ಶ. ೧೬೦೭ರಲ್ಲಿ ಇಂಗ್ಲಿಷರು ವರ್ಜೀನಿಯಾ ತೀರದಲ್ಲಿ ಜೇಮ್ಸ್‌ಟೌನ್ ಎಂಬ ನೆಲೆಯನ್ನು ಸ್ಥಾಪಿಸಿದರು. ಆ ನಾಡು ಪೌಹಾಟನ್ ಜನರದು. ಅವರ ಭಾಷೆ ಆಲ್ಗಾಂಕಿಯನ್ ಕುಟುಂಬಕ್ಕೆ ಸೇರಿದುದು. ಆ ನೆಲೆಯ ಮುಖಂಡರಲ್ಲೊಬ್ಬನಾದ ಜಾನ್ ಸ್ಮಿತ್ತನು ೧೬೧೨ರಲ್ಲಿ ಪ್ರಕಟಿಸಿದ ವರ್ಜೀನಿಯಾ ವರ್ಣನೆಯಲ್ಲಿ ಅಲ್ಲಿನ ನುಡಿಯ ಕೆಲವು ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿರುವನು. ಅದರಲ್ಲಿ ಈ ಶಬ್ದವೂ ಇದೆ. ಅದಕ್ಕೆ ಅವನು ಹೇಳಿರುವ ಅರ್ಥ ‘ಕೊಡಲಿ’ ಎಂದಷ್ಟೆ. ವ್ಯುತ್ಪತ್ತಿಯನ್ನು ನೋಡಿದರೂ ಇದಕ್ಕಿಂತ ಭಿನ್ನವಾದ ಅರ್ಥ ಹೊರಡುವುದಿಲ್ಲ. ಕತ್ತರಿಸುವುದು ಎಂಬರ್ಥದ ಧಾತುವಿನಿಂದ ಬಂದ ಶಬ್ದವಿದು. ‘ಯಾವುದರಿಂದ ಕತ್ತರಿಸುವರೋ ಅದು’ ಎಂಬುದು ಇದರ ಯೌಗಿಕಾರ್ಥ. ಮರವನ್ನು ಕಡಿಯುವುದೂ ಹಗೆಯನ್ನು ಕಡಿಯುವುದೂ ಆ ಒಂದೇ ಹೆಸರಿನಲ್ಲಿ ಅಡಕವಾಗಿದ್ದುವು. ಕ್ರೌರ್ಯದ ಸೂಚನೆಯಾಗಲಿ, ಅನಾಗರಿಕತೆಯ ಸೂಚನೆಯಾಗಲಿ ಮೂಲದಲ್ಲಿ ಇರಲಿಲ್ಲವೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ವಸ್ತುವಿನ ಚರಿತ್ರೆಯೂ ಗಮನಾರ್ಹವಾದುದು. ಮೊದಲು ಈ ಕೊಡಲಿಯ ಬಾಯಿ ಕಲ್ಲಿನದು. ಯೂರೋಪಿನವರೊಡನೆ ವ್ಯಾಪಾರ ಬೆಳೆದಂತೆ ಕಬ್ಬಿಣದ ಬಾಯಿಗಳು ಬಂದುವು. ಹದಿನೆಂಟನೆಯ ಶತಮಾನದಲ್ಲಿ ಒಂದು ವಿಚಿತ್ರ ರೂಪ ಕಾಣಿಸಿಕೊಂಡಿತು. ಅದರ ಒಂದು ಪಕ್ಕದಲ್ಲಿ ಅಲಗು, ಮತ್ತೊಂದು ಪಕ್ಕದಲ್ಲಿ ಹೊಗೆಸೊಪ್ಪನ್ನು ತುಂಬುವ ಬಟ್ಟಲು. ಕಾವು ಪೊಳ್ಳಾಗಿದ್ದು ಅದರ ಮೂಲಕ ಧೂಮಪಾನ ಮಾಡಬಹುದಾಗಿತ್ತು. ಜತೆಗೂಡಿ ಹೊಗೆ ಸೇದುವುದು ಆ ಜನರಲ್ಲಿ ಸಂಧಿಯ ಗುರುತು. ಹೀಗೆ ವಿಗ್ರಹವೂ ಸಂಧಿಯೂ ಒಂದೇ ಉಪಕರಣದ ಎರಡು ಮುಖಗಳಾದುವು. ಒಪ್ಪಂದಗಳ ಸಂದರ್ಭದಲ್ಲಿ ಇದನ್ನು ಕಾಣಿಕೆಯಾಗಿ ಕೊಡುತ್ತಿದ್ದುದೂ ಉಂಟು. ಉತ್ತರದ ಹೌಡೆನೊಸೌನೀ ಒಕ್ಕೂಟದ ಪರಂಪರೆಯಲ್ಲಿ ಶಾಂತಿವೃಕ್ಷದ ಬುಡದಲ್ಲಿ ಆಯುಧಗಳನ್ನು ಹೂಳಿದ ಕಥೆಯಿದೆ. ವೈರವನ್ನು ಬಿಟ್ಟರೆಂಬುದಕ್ಕೆ ಕೊಡಲಿಯನ್ನು ಹೂತರೆಂದು ಇಂಗ್ಲಿಷಿನಲ್ಲಿ ಹೇಳುವ ರೂಢಿಯು ಅಮೆರಿಕದ ಮೂಲಜನರ ಇಂಥ ಸಂಪ್ರದಾಯಗಳಿಂದ ಬಂದುದು.

ಪೌಹಾಟನ್ ನುಡಿಯು ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಆಡುವವರಿಲ್ಲದೆ ಅಳಿಯಿತು. ಆ ಜನ ಅಳಿಯಲಿಲ್ಲ. ಪಮಂಕಿ, ಮಟ್ಟಪೋನೈ ಮೊದಲಾದ ಅವರ ಕುಲಗಳು ವರ್ಜೀನಿಯಾದಲ್ಲಿ ಇಂದಿಗೂ ಇವೆ. ಆದರೆ ಅವರ ಪೂರ್ವಜರ ನುಡಿಯಿಂದ ಲೋಕದ ಬಾಯಲ್ಲಿ ಉಳಿದಿರುವುದು ಇಂಗ್ಲಿಷು ಎತ್ತಿಕೊಂಡ ಬೆರಳೆಣಿಕೆಯ ಶಬ್ದಗಳು: ರಕೂನ್, ಒಪಾಸಮ್ ಎಂಬ ಪ್ರಾಣಿಗಳ ಹೆಸರು, ಪರ್ಸಿಮನ್ ಎಂಬ ಹಣ್ಣಿನ ಹೆಸರು, ಮತ್ತು ಟೊಮಾಹಾಕ್. ಒಂದು ಜನಾಂಗದ ನುಡಿಯಲ್ಲಿ ಉಳಿದ ಕೆಲವೇ ಶಬ್ದಗಳಲ್ಲಿ ಒಂದು ಆಯುಧವಾಚಕವಾಗಿರುವುದು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಎರವಲು ಪಡೆಯುವವನು ತನಗೆ ಬೇಕಾದುದನ್ನೂ ತನಗೆ ಭಯ ಹುಟ್ಟಿಸಿದುದನ್ನೂ ಮೊದಲು ಎತ್ತಿಕೊಳ್ಳುವನು.

೩

ಇಂಗ್ಲಿಷಿಗೆ ಬಂದ ಮೇಲೆ ಈ ಶಬ್ದಕ್ಕೆ ಆದ ಮೊದಲನೆಯ ವಿಕಾರವು ಅರ್ಥಸಂಕೋಚ. ಕೊಡಲಿಯೆಂಬುದಕ್ಕೆ ಇಂಗ್ಲಿಷಿನಲ್ಲಿ ಸ್ವಂತ ಶಬ್ದಗಳಿದ್ದುವು. ಆದುದರಿಂದ ಹೊಸ ಶಬ್ದವು ‘ಅವರ ಕೊಡಲಿ’ ಎಂಬ ವಿಶೇಷಾರ್ಥಕ್ಕೆ ನಿಂತಿತು. ವಲಸೆಗಾರನು ಕಾಡು ಕಡಿದರೆ ಅವನ ಕೈಯಲ್ಲಿರುವುದಕ್ಕೆ ಒಂದು ಹೆಸರು. ಕಾಡಿನ ಒಡೆಯನು ಅದನ್ನು ಎತ್ತಿದರೆ ಅದಕ್ಕೆ ಇನ್ನೊಂದು ಹೆಸರು. ಕಬ್ಬಿಣವೂ ಕುಲುಮೆಯೂ ಅನೇಕ ವೇಳೆ ಒಂದೇ ಆಗಿದ್ದರೂ ಹೆಸರು ಬೇರೆಯಾಯಿತು. ೧೮೨೬ರಲ್ಲಿ ಪ್ರಕಟವಾದ ಫೆನಿಮೋರ್ ಕೂಪರನ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಕಾದಂಬರಿಯಂಥ ಗ್ರಂಥಗಳ ಮೂಲಕ ಈ ಸಂಕುಚಿತಾರ್ಥವು ಲೋಕವನ್ನೆಲ್ಲ ಮುಟ್ಟಿತು. ಓದುಗನ ಮನಸ್ಸಿನಲ್ಲಿ ಆ ಜನವೂ ಈ ಆಯುಧವೂ ಅವಿನಾಭಾವದಿಂದ ಸೇರಿಕೊಂಡುವು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಒಂದು ಸಾಹಿತ್ಯೋದಾಹರಣೆಯನ್ನು ಅಧ್ಯಾಪಕರು ಗಮನಿಸಬೇಕು. ಹರ್ಮನ್ ಮೆಲ್ವಿಲ್ಲನ ‘ಮೋಬಿ ಡಿಕ್’ (೧೮೫೧) ಗ್ರಂಥದ ಆರಂಭಭಾಗದಲ್ಲಿ, ಇಷ್ಮಾಯಿಲನು ರಾತ್ರಿ ಮಲಗಿರುವ ಕೋಣೆಗೆ ಕ್ವೀಕ್ವೆಗ್ ಎಂಬ ದ್ವೀಪವಾಸಿಯು ಬಂದು ಕತ್ತಲಲ್ಲಿ ಟೊಮಾಹಾಕಿನಿಂದಲೇ ಹೊಗೆ ಸೇದುವನು. ಅದನ್ನು ಕಂಡು ಇಷ್ಮಾಯಿಲನು ಹೆದರಿ ಕೂಗಿಕೊಳ್ಳುವನು. ಕೆಲವೇ ಅಧ್ಯಾಯಗಳ ಮುಂದೆ ಅವರಿಬ್ಬರೂ ಅದೇ ಟೊಮಾಹಾಕಿನಿಂದ ಒಬ್ಬರಾದ ಮೇಲೊಬ್ಬರು ಹೊಗೆ ಸೇದಿ ಪ್ರಾಣಸ್ನೇಹಿತರಾಗುವರು. ಕ್ವೀಕ್ವೆಗನು ಅಮೆರಿಕದವನಲ್ಲ, ಶಾಂತಸಾಗರದ ದ್ವೀಪದವನು. ಎಂದರೆ ‘ಅವರ ಕೊಡಲಿ’ ಎಂಬಲ್ಲಿ ‘ಅವರು’ ಯಾರೆಂಬುದು ಆ ವೇಳೆಗೇ ಸಡಿಲವಾಗಿ, ಯೂರೋಪಿನವರಲ್ಲದ ಯಾರಿಗೆ ಬೇಕಾದರೂ ಅನ್ವಯಿಸುವಂತಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೂ ಮೆಲ್ವಿಲ್ಲನು ಶಬ್ದದ ಎರಡು ಮುಖಗಳನ್ನೂ ಬಿಡದೆ ಹಿಡಿದಿರುವನು. ಭಯದಿಂದ ಮೊದಲಾಗಿ ಸ್ನೇಹದಲ್ಲಿ ಮುಗಿಯುವ ಆ ಸನ್ನಿವೇಶದ ಕೀಲು ಈ ಒಂದು ವಸ್ತುವಿನ ದ್ವಂದ್ವಸ್ವಭಾವದಲ್ಲಿದೆ. ಇದನ್ನರಿಯದೆ ಬರಿಯ ‘ಕೊಡಲಿ’ಯೆಂದು ಭಾಷಾಂತರಿಸಿದರೆ ಕೊಡಲಿಯಿಂದ ಹೊಗೆ ಸೇದುವುದು ಓದುಗನಿಗೆ ಹುಚ್ಚಾಟವಾಗಿ ತೋರುವುದು, ‘ಚಿಲುಮೆ’ಯೆಂದರೆ ಇಷ್ಮಾಯಿಲನ ಭಯಕ್ಕೆ ಕಾರಣವಿಲ್ಲದಂತಾಗುವುದು.

ಎರಡನೆಯ ವಿಕಾರವು ಲಾಕ್ಷಣಿಕಾರ್ಥ. ಟೊಮಾಹಾಕಿನಿಂದ ಹೊಡೆಯುವುದೆಂಬ ಕ್ರಿಯಾಪದವು ಹುಟ್ಟಿ, ಬಳಿಕ ಲೇಖನಿಯಿಂದ ಹೊಡೆಯುವುದಕ್ಕೂ ಅನ್ವಯಿಸಿತು. ಎಡ್ಗರ್ ಆಲನ್ ಪೋ ಕವಿಯು ತನ್ನ ನಿರ್ದಾಕ್ಷಿಣ್ಯವಾದ ಗ್ರಂಥವಿಮರ್ಶೆಗಳ ಕಾರಣದಿಂದ ‘ಟೊಮಾಹಾಕಿನ ಮನುಷ್ಯ’ ಎನಿಸಿಕೊಂಡನು. ೧೮೬೭ರಿಂದ ೧೮೭೦ರವರೆಗೆ ಲಂಡನ್ನಿನಲ್ಲಿ ಆರ್ಥರ್ ಆ ಬೆಕೆಟ್ಟನ ಸಂಪಾದಕತ್ವದಲ್ಲಿ ನಡೆದ ಒಂದು ವಿಡಂಬನಪತ್ರಿಕೆಯ ಹೆಸರೇ ‘ದಿ ಟೊಮಾಹಾಕ್’. ಈ ಲಕ್ಷಣೆಯು ಭಾರತೀಯರಿಗೆ ಅಪರಿಚಿತವಲ್ಲ. ‘ಖಂಡನ’ವೆಂದರೂ ತುಂಡರಿಸುವುದೇ, ಹನ್ನೆರಡನೆಯ ಶತಮಾನದ ಶ್ರೀಹರ್ಷನು ತನ್ನ ತರ್ಕಗ್ರಂಥಕ್ಕೆ ‘ಖಂಡನಖಂಡಖಾದ್ಯ’ವೆಂದೇ ಹೆಸರಿಟ್ಟಿರುವನು. ಆದರೆ ಒಂದು ಭೇದವನ್ನು ಕಾಣಬೇಕು. ಖಂಡನಕಾರನು ಬೀಸುವ ಅಲಗು ಯಾರದೂ ಅಲ್ಲ. ಅದು ಕ್ರಿಯೆಯ ಹೆಸರು ಮಾತ್ರ. ಟೊಮಾಹಾಕನ್ನು ಬೀಸುವ ವಿಮರ್ಶಕನಾದರೋ ಪರಜನಾಂಗದ ವೇಷವನ್ನು ಕ್ಷಣಕಾಲ ತೊಟ್ಟು, ‘ಇದು ನಾಗರಿಕರ ರೀತಿಯಲ್ಲ’ ಎಂಬ ಸೂಚನೆಯೊಡನೆ ಹೊಡೆಯುವನು. ಹೊಡೆತವು ಗ್ರಂಥಕರ್ತನಿಗೆ, ಅಪಕೀರ್ತಿಯು ಆ ಜನಾಂಗಕ್ಕೆ.

ಮೂರನೆಯದು ಅರ್ಥವಿಸ್ತಾರ. ಆಸ್ಟ್ರೇಲಿಯ ನ್ಯೂಜಿಲೆಂಡುಗಳ ಇಂಗ್ಲಿಷಿನಲ್ಲಿ ಟೊಮಾಹಾಕ್ ಎಂದರೆ ಸೌದೆ ಸೀಳುವ ಗಿಡ್ಡ ಕಾವಿನ ಕೈಗೊಡಲಿ. ಅಲ್ಲಿ ಭಯವೂ ಇಲ್ಲ, ಅಪಕೀರ್ತಿಯೂ ಇಲ್ಲ. ಸ್ಮಿತ್ತನು ಮೊದಲು ಬರೆದುಕೊಂಡ ಸರಳಾರ್ಥಕ್ಕೆ ಸಮೀಪವಾದುದು ಇಂಗ್ಲಿಷ್ ಲೋಕದಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅದು ಇಲ್ಲಿಯೇ; ಮೂಲದಿಂದ ಅತ್ಯಂತ ದೂರದಲ್ಲಿ ಮೂಲಾರ್ಥಕ್ಕೆ ಅತ್ಯಂತ ಹತ್ತಿರವಾದ ಪ್ರಯೋಗವಿರುವುದು ಶಬ್ದಚರಿತ್ರೆಯ ವಿನೋದಗಳಲ್ಲೊಂದು.

ಇಪ್ಪತ್ತನೆಯ ಶತಮಾನದ ಅರ್ಥಗಳು ಇನ್ನೊಂದು ಬಗೆಯವು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯು ಅಮೆರಿಕದ ಕರ್ಟಿಸ್ ಪಿ-೪೦ ಯುದ್ಧವಿಮಾನದ ಮೊದಲ ಮಾದರಿಗಳಿಗೆ ಈ ಹೆಸರನ್ನಿಟ್ಟಿತು. ೧೯೭೦ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡು ೧೯೮೩ರಲ್ಲಿ ಬಳಕೆಗೆ ಬಂದ, ನೌಕೆಗಳಿಂದಲೂ ಜಲಾಂತರ್ಗಾಮಿಗಳಿಂದಲೂ ಹಾರಿಸಬಹುದಾದ ಕ್ಷಿಪಣಿಗೆ ಅದೇ ಹೆಸರು ಬಂದಿತು. ಸಾವಿರದಾರುನೂರು ಕಿಲೋಮೀಟರುಗಳಷ್ಟು ದೂರ ಹೋಗಬಲ್ಲ ಈ ಅಸ್ತ್ರವನ್ನು ಯುದ್ಧದಲ್ಲಿ ಮೊದಲು ಪ್ರಯೋಗಿಸಿದುದು ೧೯೯೧ರ ಕೊಲ್ಲಿಯ ಯುದ್ಧದಲ್ಲಿ. ಇತ್ತ ಅಟ್ಲಾಂಟಾ ನಗರದ ಬೇಸ್‌ಬಾಲ್ ತಂಡದ ಪ್ರೇಕ್ಷಕರು ಕೈಯನ್ನು ಕೊಡಲಿಯಂತೆ ಆಡಿಸುವ ಸನ್ನೆಗೂ ಈ ಶಬ್ದವೇ ಸಲ್ಲುತ್ತದೆ. ೨೦೧೯ರಲ್ಲಿ ಎದುರು ತಂಡದ ಆಟಗಾರನೂ ಚೆರೋಕೀ ಜನಾಂಗದವನೂ ಆದ ರಯನ್ ಹೆಲ್ಸ್‌ಲಿಯು ಅದು ತನ್ನ ಜನಕ್ಕೆ ಅಗೌರವವೆಂದು ಬಹಿರಂಗವಾಗಿ ಹೇಳಿದನು. ಭೋಜನಶಾಲೆಗಳಲ್ಲಿ ಉದ್ದವಾದ ಪಕ್ಕೆಲುಬನ್ನು ಕಾವಿನಂತೆ ಬಿಟ್ಟು ಬಡಿಸುವ ಗೋಮಾಂಸದ ತುಂಡಿಗೂ ಇದೇ ಹೆಸರು. ಇದು ಕೇವಲ ಆಕಾರಸಾಮ್ಯದಿಂದ ಬಂದುದಾದ್ದರಿಂದ ಹೆಚ್ಚಿನ ವಿಚಾರವನ್ನು ಬೇಡುವುದಿಲ್ಲ.

೪

ಈ ಅರ್ಥಪರಂಪರೆಯನ್ನು ಅಳೆಯುವುದಕ್ಕೆ ಭಾರತೀಯ ಶಾಸ್ತ್ರದಲ್ಲಿಯೇ ಒಂದು ಮಾನದಂಡವಿದೆ. ಹಿಡಿದು ಹೊಡೆಯುವುದು ಶಸ್ತ್ರ, ಪ್ರಯೋಗಿಸಿ ಬಿಡುವುದು ಅಸ್ತ್ರ ಎಂಬ ಭೇದ ಪ್ರಸಿದ್ಧವಾದುದು. ಅಗ್ನಿಪುರಾಣದ ಧನುರ್ವೇದಭಾಗದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿ, ಯಂತ್ರದಿಂದ ಬಿಡುವುದು ಯಂತ್ರಮುಕ್ತ, ಕೈಯಿಂದ ಎಸೆಯುವುದು ಪಾಣಿಮುಕ್ತ, ಎಸೆದು ಮತ್ತೆ ಹಿಡಿಯುವುದು ಮುಕ್ತಸಂಧಾರಿತ, ಕೈಬಿಡದೆ ಬಳಸುವುದು ಅಮುಕ್ತ ಎಂದು ಹೇಳಿದೆ. ಟೊಮಾಹಾಕ್ ಮೊದಲು ಅಮುಕ್ತವಾಗಿದ್ದಿತು; ಎಸೆದಾಗ ಪಾಣಿಮುಕ್ತವಾಯಿತು; ಇಂದು ಆ ಹೆಸರಿನ ಕ್ಷಿಪಣಿಯು ಶುದ್ಧವಾದ ಯಂತ್ರಮುಕ್ತ. ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ನಡುವಣ ದೂರವು ಒಂದು ತೋಳಿನಿಂದ ಸಾವಿರದಾರುನೂರು ಕಿಲೋಮೀಟರಿಗೆ ಬೆಳೆದಿದೆ. ಶಬ್ದವು ಹೊಡೆತವನ್ನು ಉಳಿಸಿಕೊಂಡು ಕೈಯನ್ನು ಬಿಟ್ಟಿತು. ಆ ಹೆಸರಿನ ಪರಾಕ್ರಮವು ಬೇಕಾಯಿತು. ಆ ಹೆಸರಿಟ್ಟ ಜನ ಬೇಕಾಗಲಿಲ್ಲ. ಹೊಗೆಬಟ್ಟಲಿನ ಮುಖವೂ ಸಂಧಿಯ ನೆನಪೂ ದಾರಿಯಲ್ಲಿಯೇ ಉದುರಿಹೋದುವು.

ಇಂಥದೇ ಒಂದು ಅರ್ಥಸಂಚಾರವು ಬೆಂಗ್ರೆಯ ನೆಲದ ಕಥೆಯಲ್ಲಿಯೂ ಕಾಣುವುದು. ಪರಶುರಾಮನು ಭೂಮಿಯನ್ನೆಲ್ಲ ಕಶ್ಯಪನಿಗೆ ದಾನಮಾಡಿ, ತನಗೆ ನಿಲ್ಲಲು ನೆಲವಿಲ್ಲದೆ ಸಮುದ್ರವನ್ನು ಹಿಂದಕ್ಕೆ ಸರಿಸಿದನೆಂಬುದು ಕಥೆಯ ಸಾರ. ಆದರೆ ಸರಿಸಿದುದು ಯಾವುದರಿಂದ ಎಂಬಲ್ಲಿ ಪರಂಪರೆಗಳು ಭಿನ್ನವಾಗುವುವು. ಗುಂಡರ್ಟನು ೧೮೪೩ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ‘ಕೇರಳೋತ್ಪತ್ತಿ’ಯ ಸಂಪ್ರದಾಯದಲ್ಲಿಯೂ ತುಳುನಾಡಿನ ರೂಢಿಯಲ್ಲಿಯೂ ಎಸೆದುದು ಕೊಡಲಿ. ಗೋವೆಯ ಕಡೆ ಬಿಟ್ಟುದು ಬಾಣ. ಬಾಣಾವಳಿ ಎಂಬ ಊರಿನ ಹೆಸರನ್ನು ಅದಕ್ಕೆ ಸಾಕ್ಷಿಯಾಗಿ ಹೇಳುವರು. ಕಾಳಿದಾಸನು ರಘುವಂಶದ ನಾಲ್ಕನೆಯ ಸರ್ಗದಲ್ಲಿ ಸಹ್ಯಾದ್ರಿಯ ತೀರವನ್ನು ವರ್ಣಿಸುತ್ತ ಈ ಪ್ರಸಂಗವನ್ನು ಸೂಚಿಸುವಾಗ ‘ಅಸ್ತ್ರ’ವೆಂಬ ಸಾಮಾನ್ಯಪದವನ್ನು ಬಳಸಿರುವನೇ ಹೊರತು ಪರಶುವನ್ನು ಹೆಸರಿಸಿಲ್ಲ. ಹೀಗೆ ಒಂದೇ ಕಥೆಯಲ್ಲಿ ಅಮುಕ್ತವೂ ಪಾಣಿಮುಕ್ತವೂ ಯಂತ್ರಮುಕ್ತವೂ ಒಂದರ ಸ್ಥಾನದಲ್ಲಿ ಮತ್ತೊಂದು ನಿಂತಿವೆ. ಬೆಂಗ್ರೆಯ ಮರಳನ್ನು ತಂದು ಹಾಕಿದುದು ಹೊಳೆಯೂ ತೆರೆಯೂ ಎಂದು ಭೂವಿಜ್ಞಾನವು ಹೇಳುವುದಾದರೂ, ಕಥೆಯ ತಾತ್ಪರ್ಯವು ಅದರಿಂದ ಕುಂದುವುದಿಲ್ಲ. ಆಯುಧವು ಕೊಡಲಿಯಾಗಲಿ ಬಾಣವಾಗಲಿ, ಪರಂಪರೆಯು ಅದನ್ನು ಹಿಡಿದ ಕೈಯನ್ನು ಮರೆತಿಲ್ಲ. ಮತ್ತು ಆ ಕೊನೆಯ ಬೀಸು ಕೊಲ್ಲುವುದಕ್ಕಲ್ಲ, ನೆಲೆಸುವುದಕ್ಕೆ ಎಂಬುದನ್ನೂ ಮರೆತಿಲ್ಲ.

೫

ಕನ್ನಡದ ಕೊಡಲಿಯ ಕಡೆಗೆ ಈಗ ತಿರುಗಬಹುದು. ತುಳುವಿನ ‘ಕುಡರಿ’, ತಮಿಳು ಮಲೆಯಾಳಗಳ ‘ಕೋಡಾಲಿ’, ತೆಲುಗಿನ ‘ಗೊಡ್ಡಲಿ’ ಇವು ಇದರ ಸೋದರಶಬ್ದಗಳು. ಸಂಸ್ಕೃತದ ‘ಕುಠಾರ’ಕ್ಕೂ ಈ ವರ್ಗಕ್ಕೂ ಸಂಬಂಧವುಂಟೆಂದು ವಿದ್ವಾಂಸರು ಸೂಚಿಸಿರುವರು, ಮರಾಠಿಯ ‘ಕುರ್ಹಾಡ’, ಹಿಂದಿಯ ‘ಕುಲ್ಹಾಡಿ’ಗಳು ಕುಠಾರದಿಂದ ಬಂದುವು. ಅಮರಕೋಶದಲ್ಲಿ ಕುಠಾರ, ಸ್ವಧಿತಿ, ಪರಶು, ಪರಶ್ವಧ ಈ ನಾಲ್ಕನ್ನೂ ಪರ್ಯಾಯವಾಗಿ ಹೇಳಿದ್ದರೂ ಕನ್ನಡದ ಕಿವಿಗೆ ಅವು ಒಂದೇ ಅಲ್ಲ. ‘ಪರಶು’ವೆಂದೊಡನೆ ಜಾಮದಗ್ನ್ಯನೂ ಶಿವನ ಹಾಗೂ ಗಣಪತಿಯ ಕೈಗಳೂ ಕಣ್ಣಿಗೆ ಕಟ್ಟುವುವು, ‘ಗಂಡುಗೊಡಲಿ’ ಯುದ್ಧದ್ದು, ‘ಕೈಗೊಡಲಿ’ಯನ್ನು ಇತ್ತೀಚಿನ ಪ್ರಾಕ್ತನಶಾಸ್ತ್ರವು ಸುರಪುರದ ಬಳಿಯ ಹುಣಸಗಿ ಮೊದಲಾದೆಡೆಗಳಲ್ಲಿ ದೊರೆತ ಹಳೆಯ ಶಿಲಾಯುಗದ ಕಲ್ಲಿನ ಉಪಕರಣಕ್ಕೆ ಮೀಸಲು ಮಾಡಿಕೊಂಡಿದೆ, ಬರಿಯ ‘ಕೊಡಲಿ’ ಮಾತ್ರ ದುಡಿಮೆಯದು. ಸೌದೆಯ ಹೊರೆಯನ್ನು ಮಾರುವ ಕಾಯಕದ ಮೋಳಿಗೆ ಮಾರಯ್ಯನೂ, ಬಡಗಿಯ ಬಾಚಿಯನ್ನೇ ಹೆಸರಿನಲ್ಲಿ ಹೊತ್ತ ಬಾಚಿಕಾಯಕದ ಬಸವಯ್ಯನೂ ಶರಣರ ಪಂಕ್ತಿಯಲ್ಲಿ ಕುಳಿತಿರುವ ನಾಡಿನಲ್ಲಿ ಕಡಿಯುವ ಉಪಕರಣದ ಹೆಸರು ಕೀಳಾಗುವ ಹಾಗಿರಲಿಲ್ಲ.

ಲಾಕ್ಷಣಿಕಾರ್ಥವು ಕನ್ನಡದಲ್ಲಿಯೂ ಬೆಳೆದಿದೆ. ‘ಹೊಟ್ಟೆಪಾಡಿಗೆ ಕೊಡಲಿಪೆಟ್ಟು’, ‘ಬುಡಕ್ಕೆ ಕೊಡಲಿ’ ಮೊದಲಾದುವು ನಿತ್ಯದ ಮಾತುಗಳು. ಇಲ್ಲಿ ಕೊಡಲಿ ಕೆಟ್ಟುದೇ. ಆದರೆ ಆ ಕೆಡುಕನ್ನು ಯಾವ ಜನಾಂಗದ ತಲೆಗೂ ಕಟ್ಟಿಲ್ಲ. ಮರವು ಬೀಳುವುದೆಂಬ ಅನುಭವದಿಂದ ಮಾತ್ರ ಬಂದ ಲಕ್ಷಣೆಯಿದು. ಪ್ರದೇಶಭೇದದಿಂದ ಆಯುಧವಾಚಕಗಳ ಅರ್ಥ ಬದಲಾಗುವುದೂ ಉಂಟು. ಘಟ್ಟದ ಮೇಲಿನವರಿಗೆ ‘ಕತ್ತಿ’ಯೆಂದರೆ ಮೊದಲು ವೀರನ ಖಡ್ಗ, ಕರಾವಳಿಯವರಿಗೆ ತೆಂಗಿನಕಾಯಿ ಸುಲಿಯುವ, ಸೊಪ್ಪು ಸವರುವ ಮನೆಯ ಸಾಧನ. ಕೊಡಗಿನಲ್ಲಿ ಹಿಂದೆ ಯುದ್ಧಕ್ಕೆ ಒದಗುತ್ತಿದ್ದ ಒಡಿಕತ್ತಿಯಿಂದ ಇಂದು ಮದುವೆಯ ಸಂದರ್ಭದಲ್ಲಿ ಬಾಳೆಯ ದಿಂಡುಗಳನ್ನು ಕಡಿಯುವರು. ಶಸ್ತ್ರವು ಮಂಗಲೋಪಕರಣವಾಯಿತು, ಅರ್ಥವು ತಲೆಕೆಳಗಾಯಿತೆಂದೇ ಹೇಳಬಹುದು. ಆದರೂ ಅದನ್ನು ಹಿಡಿದಿರುವ ಕೈ ಕೊಡವರದೇ, ಹೆಸರೂ ಅವರ ಬಾಯಲ್ಲಿಯೇ ಇದೆ. ಆದುದರಿಂದ ಅರ್ಥಾಂತರವೇ ದೋಷವೆಂದು ಹೇಳಲಾಗದು. ಒಡಿಕತ್ತಿಗೆ ಆದುದು ಮನೆಯೊಳಗಿನ ಬದಲಾವಣೆ. ಟೊಮಾಹಾಕಿಗೆ ಆದುದು ಮನೆಯಿಂದ ಒಯ್ದವರು ಮಾಡಿದ ಬದಲಾವಣೆ. ಮೊದಲನೆಯದು ಬೆಳವಣಿಗೆ, ಎರಡನೆಯದರಲ್ಲಿ ಬೆಳವಣಿಗೆಯ ಜತೆಗೆ ಅಪಹರಣವೂ ಇದೆ.

‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯು ಇಲ್ಲಿ ಹೊಸ ಬೆಳಕನ್ನು ಬೀರುವುದು. ಕಬ್ಬಿಣವೊಂದೇ ಕಾಡನ್ನು ಕಡಿಯಲಾರದು. ಕಾಡಿನ ಮರವೇ ಕಾವಾಗಿ ಒದಗಬೇಕು. ಇಂಗ್ಲಿಷಿನಲ್ಲಿ ಟೊಮಾಹಾಕ್ ಶಬ್ದಕ್ಕೆ ಒದಗಿದ ಸ್ಥಿತಿಯೂ ಇದೇ. ಆ ಜನವನ್ನು ಕ್ರೂರರೆಂದು ಚಿತ್ರಿಸುವುದಕ್ಕೆ ಅವರ ನುಡಿಯಿಂದಲೇ ಎತ್ತಿಕೊಂಡ ಒಂದು ಶಬ್ದವು ಕಾವಾಗಿ ಒದಗಿತು. ತಮ್ಮ ಉಪಕರಣಕ್ಕೆ ಅವರು ಇಟ್ಟುಕೊಂಡ ಸರಳವಾದ ಹೆಸರು ಅವರನ್ನೇ ನಿಂದಿಸುವ ಸಾಧನವಾಯಿತು. ನುಡಿ ಅಳಿದ ಮೇಲೂ ಕಾವು ಉಳಿಯಿತು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಇಂದು ಈ ಶಬ್ದವನ್ನು ಬಳಸುವ ಸೈನಿಕನಿಗಾಗಲಿ ಅಡಿಗೆಯವನಿಗಾಗಲಿ ಆ ಚರಿತ್ರೆಯ ಅರಿವೇ ಇಲ್ಲವಷ್ಟೆ. ಅರಿವಿಲ್ಲದಲ್ಲಿ ಅಗೌರವವೆಲ್ಲಿಂದ ಬಂದಿತು? ರೂಢಿಯು ಯೋಗಾರ್ಥವನ್ನು ಬಾಧಿಸುವುದೆಂಬುದು ಶಾಸ್ತ್ರಸಮ್ಮತವೇ ಆಗಿದೆ. ಕುಶಲನೆಂದರೆ ಕುಶವನ್ನು ಕೊಯ್ಯು ತರುವವನೆಂದು ಇಂದು ಯಾರೂ ತಿಳಿಯರು. ಈ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಆಡುವವನ ಮೇಲೆ ದೋಷ ಹೊರಿಸುವಂತಿಲ್ಲ. ಆದರೆ ಯೋಗಾರ್ಥವು ಲೋಪವಾಗುವುದು ಬೇರೆ, ಅದರಿಂದ ನೊಂದವರು ಇನ್ನೂ ಇರುವುದು ಬೇರೆ. ದರ್ಭೆಯನ್ನು ಕೊಯ್ಯುವವರು ‘ಕುಶಲ’ ಶಬ್ದದ ವಿಷಯದಲ್ಲಿ ದೂರು ಹೇಳಿಲ್ಲ. ಟೊಮಾಹಾಕಿನ ವಿಷಯದಲ್ಲಿ ದೂರು ಹೇಳುವವರು ಇದ್ದಾರೆ. ಆಡುವವನು ಅರಿಯದಿದ್ದರೂ ನಿಘಂಟುಕಾರನೂ ಅಧ್ಯಾಪಕನೂ ಅರಿಯದಿರುವುದು ಸಲ್ಲದು.

೬

ಕನ್ನಡದಲ್ಲಿ ಈ ಶಬ್ದವು ನೆಲೆಗೊಂಡಿರುವುದು ಮುಖ್ಯವಾಗಿ ‘ಟೊಮಾಹಾಕ್ ಕ್ಷಿಪಣಿ’ ಎಂಬ ಸಮಾಸದಲ್ಲಿ. ಎಂದರೆ ಪರಂಪರೆಯ ತುದಿಯ ಅರ್ಥವು ಮೊದಲನೆಯದಾಗಿ ಬಂದಿತು. ಮೊದಲನೆಯ ಅರ್ಥವು ಬರಲೇ ಇಲ್ಲ. ಕೂಪರನನ್ನೋ ಮೆಲ್ವಿಲ್ಲನನ್ನೋ ಓದುವ ಇಂದಿನ ವಿದ್ಯಾರ್ಥಿಗೆ ಆ ಶಬ್ದ ಎದುರಾದಾಗ ಕಾಡಿನ ನಡುವೆ ಕ್ಷಿಪಣಿಯು ನೆನಪಾದರೆ ತಪ್ಪು ಅವನದಲ್ಲ.

ಭಾಷಾಂತರಕಾರನಿಗೆ ಇಲ್ಲಿ ಮೂರು ಮಾರ್ಗಗಳಿವೆ. ‘ಪರಶು’ವೆಂದರೆ ದೈವತ್ವದ ಛಾಯೆ ಬಂದು ಸೇರುವುದು, ಅದು ಮೂಲದಲ್ಲಿಲ್ಲ. ‘ಗಂಡುಗೊಡಲಿ’ಯೆಂದರೆ ಯುದ್ಧವೊಂದೇ ಉಳಿದು ದುಡಿಮೆಯೂ ಸಂಧಿಯೂ ಹೋಗುವುವು. ‘ಕೊಡಲಿ’ಯೆಂಬುದು ಸ್ಮಿತ್ತನ ಪಟ್ಟಿಯ ಅರ್ಥಕ್ಕೆ ಸರಿಯಾಗಿದ್ದು, ಆ ಜನರೇ ಮಾತನಾಡುವ ಸಂದರ್ಭಗಳಲ್ಲಿ ಉತ್ತಮವಾದುದು; ತನ್ನ ಕೊಡಲಿಯನ್ನು ಯಾರೂ ವಿದೇಶೀಯ ಹೆಸರಿನಿಂದ ಕರೆಯುವುದಿಲ್ಲ. ಹೊರಗಿನವನ ಕಣ್ಣಿನಿಂದ ಭಯದೊಡನೆ ಕಂಡ ಸಂದರ್ಭಗಳಲ್ಲಿ ‘ಟೊಮಾಹಾಕ್’ ಎಂಬ ಎರವಲನ್ನೇ ಉಳಿಸಿಕೊಳ್ಳುವುದು ಯುಕ್ತ. ಆಗ ಅಪರಿಚಿತತೆಯೂ ಅರ್ಥದ ಭಾಗವಾಗುವುದು. ವೈರವನ್ನು ಬಿಟ್ಟು ಕೊಡಲಿಯನ್ನು ಹೂಳುವ ನುಡಿಗಟ್ಟಿಗೆ ‘ಶಸ್ತ್ರಸಂನ್ಯಾಸ’ವೆಂಬ ಸಿದ್ಧಪದವು ಕೂಡಲೇ ನೆನಪಿಗೆ ಬರುವುದಾದರೂ ಅದು ಸಮಾನಾರ್ಥಕವಲ್ಲ. ಶಸ್ತ್ರಸಂನ್ಯಾಸವನ್ನು ದ್ರೋಣನಂತೆ ಒಬ್ಬನೇ ಮಾಡಬಹುದು. ಹೂಳುವುದಕ್ಕೆ ಇಬ್ಬರು ಬೇಕು.

ನಿಘಂಟಿನಲ್ಲಿ ಈ ಶಬ್ದವನ್ನು ಸೇರಿಸುವಾಗ ಅರ್ಥಗಳನ್ನು ಬಳಕೆಯ ಪ್ರಾಚುರ್ಯದಿಂದಲ್ಲದೆ ಹುಟ್ಟಿದ ಕ್ರಮದಿಂದ ಕೊಡುವುದು ನ್ಯಾಯ. ಅಂಥ ನಮೂದು ಹೀಗಿರಬಹುದು: ‘ಟೊಮಾಹಾಕ್: ವರ್ಜೀನಿಯಾದ ಪೌಹಾಟನ್ ಜನರ ನುಡಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ. ೧. ಕೊಡಲಿ. ೨. ಉತ್ತರ ಅಮೆರಿಕದ ಮೂಲಜನರ ಹಗುರವಾದ ಕೊಡಲಿ. ಅದರ ಒಂದು ಬಗೆಯಲ್ಲಿ ಹೊಗೆಬಟ್ಟಲೂ ಕೂಡಿರುವುದು. ೩. ಕೈಗೊಡಲಿ (ಆಸ್ಟ್ರೇಲಿಯ, ನ್ಯೂಜಿಲೆಂಡ್). ೪. ಲಾಕ್ಷಣಿಕವಾಗಿ, ನಿರ್ದಾಕ್ಷಿಣ್ಯವಾದ ಖಂಡನೆ. ೫. ಅಮೆರಿಕದ ಒಂದು ಕ್ಷಿಪಣಿಯ ಹೆಸರು.’ ನಾಲ್ಕೈದು ಪಂಕ್ತಿಗಳಲ್ಲಿ ಒಂದು ಜನಾಂಗದ ಹೆಸರು ಉಳಿಯುವುದು. ಇದಕ್ಕೆ ತಗಲುವ ವ್ಯಯವು ಒಂದಿಷ್ಟು ಮಸಿಯದು ಮಾತ್ರ.

ಬೆಂಗ್ರೆಯ ಎದುರು ದಡದಲ್ಲಿ ಮುದ್ರಿತವಾದ ನಿಘಂಟುಗಳು ಬೇರೆ ನಾಡಿನಿಂದ ಬಂದವರ ಕೃತಿಗಳು. ಆದರೂ ಅವರು ಕನ್ನಡ ತುಳುಗಳ ಶಬ್ದಗಳನ್ನು ಆ ನುಡಿಗಳನ್ನಾಡುವವರಿಂದ ಕೇಳಿ, ಆ ನುಡಿಗಳ ಹೆಸರಿನಲ್ಲಿಯೇ ಬರೆದಿಟ್ಟರು. ಆ ಕಾರ್ಯಕ್ಕೆ ಕನ್ನಡವು ಋಣಿಯಾಗಿದೆ. ನುಡಿಯನ್ನೇ ಕಳೆದುಕೊಂಡ ಒಂದು ಜನಾಂಗದ ಒಂದು ಶಬ್ದವು ಮೂರು ಸಮುದ್ರಗಳನ್ನು ದಾಟಿ ಕನ್ನಡಕ್ಕೆ ಬಂದಾಗ, ಅದನ್ನು ಅದರ ಒಡೆಯರ ಹೆಸರಿನೊಡನೆ ಬರೆದಿಡುವುದು ಆ ಋಣವನ್ನು ತೀರಿಸುವ ಒಂದು ಬಗೆ.